ಸಾಲ ಯಾವ ಆಯ್ಕೆಯದು? ವ್ಯವಹಾರ ಅರ್ಥಶಾಸ್ತ್ರ ಪದವಿಯ ಗಳಿಕೆ ಮತ್ತು ಸಾಲದ ಲೆಕ್ಕ

ಅಮೆರಿಕದ ಶಿಕ್ಷಣ ಇಲಾಖೆಯ ‘ಕಾಲೇಜ್ ಸ್ಕೋರ್‌ಕಾರ್ಡ್’, 2019ರಿಂದ ಕಾಲೇಜಿನ ಒಂದೊಂದು ವಿಷಯಕ್ಕೂ ಬೇರೆಬೇರೆಯಾಗಿ ಎರಡು ಅಂಕಿ ಕೊಡುತ್ತಿದೆ: ಪದವೀಧರರ ಗಳಿಕೆಯ ಮಧ್ಯಾಂಕ ಮತ್ತು ಅವರ ಸಾಲದ ಮಧ್ಯಾಂಕ. ವ್ಯವಹಾರ ಅರ್ಥಶಾಸ್ತ್ರ ಅಲ್ಲಿ 52.06 ಎಂಬ ಸಂಕೇತದಡಿ ಬರುತ್ತದೆ, ಅರ್ಥಶಾಸ್ತ್ರ 45.06ರಡಿ. ಸಾಲವನ್ನು ಗಳಿಕೆಯಿಂದ ಭಾಗಿಸಿ, ಪದವಿ ಗಿಟ್ಟುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ರೂಢಿ. ಆದರೆ ವಿಷಯ ಆರಿಸಿಕೊಳ್ಳುವವನ ಪ್ರಶ್ನೆ ಒಂದು, ಕಾಲೇಜು ಆರಿಸಿಕೊಳ್ಳುವವನ ಪ್ರಶ್ನೆ ಇನ್ನೊಂದು. ಈ ಭಾಗಾಕಾರ ಎರಡನ್ನೂ ಬೆರೆಸಿಬಿಡುತ್ತದೆ ಎಂಬುದು ನನ್ನ ವಾದ.

ಮೊದಲಿಗೆ, ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂತಿರುವವರು ಒಂದೇ ಗುಂಪಿನವರಲ್ಲ. ಗಳಿಕೆಯ ಅಂಕಿಯಲ್ಲಿ ಕೇಂದ್ರ ಸರ್ಕಾರದ ಸಾಲ ಪಡೆದವರ ಜೊತೆಗೆ ಬರೀ ಅನುದಾನ ಪಡೆದವರೂ ಸೇರಿದ್ದಾರೆ. ಸಾಲದ ಅಂಕಿಯಲ್ಲಿ ಸಾಲಗಾರರು ಮಾತ್ರ. ಖಾಸಗಿ ಬ್ಯಾಂಕಿನ ಸಾಲ ಲೆಕ್ಕಕ್ಕೆ ಬರುವುದಿಲ್ಲ. ತಂದೆತಾಯಿ ತಮ್ಮ ಹೆಸರಲ್ಲಿ ತೆಗೆದ ಕೇಂದ್ರ ಸಾಲ ವಿದ್ಯಾರ್ಥಿಯ ಮಧ್ಯಾಂಕಕ್ಕೆ ಸೇರದೆ ಬೇರೆಯಾಗಿ ನಿಲ್ಲುತ್ತದೆ. ಓದು ಅರ್ಧಕ್ಕೆ ಬಿಟ್ಟು ಸಾಲವನ್ನು ಮಾತ್ರ ಹೊತ್ತುಕೊಂಡು ಹೋದವರು ಈ ವಿಷಯವಾರು ಅಂಕಿಗಳಲ್ಲಿ ಇಲ್ಲವೇ ಇಲ್ಲ. ಅತಿ ಹೆಚ್ಚು ನೋವುಂಡವರನ್ನು ಹೊರಗಿಟ್ಟ ಲೆಕ್ಕ ಇದು ಎನ್ನುವುದನ್ನು ಮರೆಯುವಂತಿಲ್ಲ.

ಆದರೂ ಹೊರೆಯ ಗಾತ್ರ ತಿಳಿಯಲು ಒಂದು ಸರಳ ಲೆಕ್ಕ ಮಾಡಬಹುದು. ಪೋಷಕರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಸಿಗುವ ಕೇಂದ್ರ ಸಾಲದ ವಾರ್ಷಿಕ ಮಿತಿ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಮುಂದೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ 27,000 ಡಾಲರ್. ಶೇ. 5.5ರ ಬಡ್ಡಿಯಲ್ಲಿ, ಹತ್ತು ವರ್ಷದ ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 293 ಡಾಲರ್, ಒಟ್ಟು 35,000ಕ್ಕಿಂತ ತುಸು ಹೆಚ್ಚು. ವರ್ಷದ ಕಂತು ಗಳಿಕೆಯ ಶೇ. 8ನ್ನು ದಾಟಬಾರದು ಎಂಬುದು ಮುಖ್ಯವಾಗಿ ಲಾಭಾಸಕ್ತ ಕಾಲೇಜುಗಳಿಗಾಗಿ 2014ರಲ್ಲಿ ರೂಪುಗೊಂಡ ನಿಯಮದ ಒಂದು ಅಳತೆಗೋಲು. ಅದನ್ನೇ ಇಲ್ಲಿ ಹಿಡಿದರೆ ವರ್ಷಕ್ಕೆ ಸುಮಾರು 44,000 ಡಾಲರ್ ಗಳಿಸುವವನಿಗೆ ಈ ಸಾಲ ತಾಳುತ್ತದೆ.

ಈಗ ಗಳಿಕೆಯ ಕಡೆಗೆ. ಅರ್ಥಶಾಸ್ತ್ರ ಓದಿದವರು ಹೆಚ್ಚು ಗಳಿಸುತ್ತಾರೆ, ನಿಜ. ಅದು ವಿಷಯದ ಗುಣವೋ, ಆ ವಿಷಯಕ್ಕೆ ಬರುವವರ ಗುಣವೋ? ಝಕಾರಿ ಬ್ಲೀಮರ್ ಮತ್ತು ಆಶಿಶ್ ಮೆಹ್ತಾ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಾನು ಕಂಡ ಅತ್ಯಂತ ಗಟ್ಟಿಯಾದ ಉತ್ತರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಆವರಣದಲ್ಲಿ ಅರ್ಥಶಾಸ್ತ್ರದ ಮೊದಲ ಎರಡು ಕೋರ್ಸ್‌ಗಳಲ್ಲಿ 2.8 ಗ್ರೇಡ್ ಸರಾಸರಿ ಬಾರದವರನ್ನು ಆ ವಿಷಯಕ್ಕೆ ಸೇರದಂತೆ ತಡೆಯುವ ನಿಯಮವಿತ್ತು. ವ್ಯವಹಾರ ನಿರ್ವಹಣಾ ಅರ್ಥಶಾಸ್ತ್ರವನ್ನೂ ಕಲಿಸುವ ವಿಭಾಗ ಅದು. ಗೆರೆಯ ಈಚೆ ಆಚೆ ಕೂದಲೆಳೆಯ ಅಂತರದಲ್ಲಿ ನಿಂತ ವಿದ್ಯಾರ್ಥಿಗಳು ಉಳಿದೆಲ್ಲ ರೀತಿಯಲ್ಲೂ ಒಬ್ಬರಂತೆ ಒಬ್ಬರು. ಗೆರೆ ದಾಟಿ ಅರ್ಥಶಾಸ್ತ್ರ ಓದಿದವರು, ತಮ್ಮ ಎರಡನೆಯ ಆಯ್ಕೆಯ ವಿಷಯ ಓದಿದ್ದರೆ ಸಿಗುತ್ತಿದ್ದುದಕ್ಕಿಂತ ವೃತ್ತಿಯ ಮೊದಲ ವರ್ಷಗಳಲ್ಲಿ ವರ್ಷಕ್ಕೆ 22,000 ಡಾಲರ್, ಅಂದರೆ ಶೇ. 46, ಹೆಚ್ಚು ಗಳಿಸಿದರು. ಇವರು ತರಗತಿಯ ಮುಂಚೂಣಿಯವರಲ್ಲ, ಅಂಚಿನವರು. ನನಗೆ ಮುಖ್ಯವಾಗಿ ಕಂಡದ್ದು ಇದೇ. ಹೆಚ್ಚಳದ ಸುಮಾರು ಅರ್ಧಪಾಲಿಗೆ ಕಾರಣ ಅವರು ಹೆಚ್ಚು ಸಂಬಳ ಕೊಡುವ ಉದ್ಯಮಗಳಿಗೆ ಸೇರಿದ್ದು.

ಗಮನಿಸಬೇಕಾದದ್ದು: ಎರಡೂ ಕಡೆಯವರು ಓದಿದ್ದು ಒಂದೇ ಆವರಣದಲ್ಲಿ. ಶುಲ್ಕ ಸಮ, ಹಾಗಾಗಿ ಸಾಲವೂ ಹೆಚ್ಚುಕಡಿಮೆ ಸಮ. ವಿಷಯಗಳ ನಡುವಿನ ಆಯ್ಕೆಯಲ್ಲಿ ಸಾಲ ಎರಡೂ ಬದಿಯಿಂದ ವಜಾ ಆಗುತ್ತದೆ. ಉಳಿಯುವುದು ಗಳಿಕೆಯ ವ್ಯತ್ಯಾಸ ಒಂದೇ. ಕಾಲೇಜುಗಳ ನಡುವೆ, ಅಥವಾ ಓದುವುದು ಬಿಡುವುದರ ನಡುವೆ ಆರಿಸುವಾಗ ಮಾತ್ರ ಸಾಲಕ್ಕೆ ತೂಕ ಬರುತ್ತದೆ. 52.06ರ ಹೆಚ್ಚಿನ ಗಳಿಕೆಯನ್ನು ತೋರಿಸಿ ದುಬಾರಿ ಕಾಲೇಜಿನ ಸಾಲವನ್ನು ಸಮರ್ಥಿಸುವವರು ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಅಂಟಿಸುತ್ತಾರೆ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಈ ಪದವಿಗೆ ಹೊರಡುವ ವಿದ್ಯಾರ್ಥಿಗೆ ಎರಡು ಅಂಕಿಗಳೂ ಅನ್ವಯಿಸುವುದಿಲ್ಲ. ವಿದ್ಯಾರ್ಥಿ ವೀಸಾದವರಿಗೆ ಅಲ್ಲಿನ ಕೇಂದ್ರ ಸಾಲವೂ ಇಲ್ಲ, ಅನುದಾನವೂ ಇಲ್ಲ. ಆದ್ದರಿಂದ ಸ್ಕೋರ್‌ಕಾರ್ಡ್‌ನ ಗಳಿಕೆಯಲ್ಲೂ ಅವರಿಲ್ಲ. ಅವರ ಸಾಲ ಇಲ್ಲಿನ ಬ್ಯಾಂಕಿನದು, ದೊಡ್ಡ ಮೊತ್ತವಾದರೆ ಸಾಮಾನ್ಯವಾಗಿ ಮನೆಯೋ ಸೈಟೋ ಅಡಮಾನ. ಅಮೆರಿಕದ ಸಾಲಗಾರನಿಗೆ ಆದಾಯ ಕುಸಿದಾಗ ಕಂತು ತಗ್ಗಿಸಿಕೊಳ್ಳುವ ದಾರಿಯಿದೆ. ಅಡವಿಟ್ಟ ಮನೆಗೆ ಅದಿಲ್ಲ. ಭಾರತದ ಆದಾಯ ತೆರಿಗೆಯಲ್ಲಿ ಶಿಕ್ಷಣ ಸಾಲಕ್ಕೆ ಸಿಗುವ ವಿನಾಯಿತಿ ಬಡ್ಡಿಗಷ್ಟೇ, ಅದೂ ಎಂಟು ವರ್ಷ.

ಇಂಥವನ ಗಳಿಕೆಯನ್ನು ನಿರ್ಧರಿಸುವುದು ಮಧ್ಯಾಂಕಕ್ಕಿಂತ ಸಂಕೇತವೇ. ವ್ಯವಹಾರ ಅರ್ಥಶಾಸ್ತ್ರದ 52.0601ರಲ್ಲಿ ಪದವಿ ಪಡೆದವನಿಗೆ ಈವರೆಗಿನ ನಿಯಮದಂತೆ ಅಲ್ಲಿ ಕೆಲಸ ಮಾಡಲು 12 ತಿಂಗಳ ಅವಕಾಶ. ಹೆಚ್ಚುಕಡಿಮೆ ಅದೇ ಪಾಠಗಳನ್ನು ಓದಿ, ಪರಿಮಾಣಾತ್ಮಕ ಅರ್ಥಶಾಸ್ತ್ರದ 45.0603ರಲ್ಲಿ ಪದವಿ ಪಡೆದವನಿಗೆ ಅದರ ಮೇಲೆ ಇನ್ನೂ 24 ತಿಂಗಳು. ಡಾಲರ್ ಸಂಬಳದಲ್ಲಿ ರೂಪಾಯಿ ಸಾಲ ತೀರಿಸುವ ಮನೆಗೆ ಆ ಎರಡು ವರ್ಷವೇ ಸಾಲದ ಬಹುಪಾಲು. ಪ್ರವೇಶ ಸಿಕ್ಕಾಗ ಬರುವ ಐ-20 ನಮೂನೆಯಲ್ಲಿ ಕೋರ್ಸಿನ ಹೆಸರಿನ ಪಕ್ಕದಲ್ಲೇ ಈ ಆರಂಕಿ ಅಚ್ಚಾಗಿರುತ್ತದೆ. ಬ್ಯಾಂಕಿಗೆ ಹೋಗುವ ಮೊದಲು ಓದಬೇಕಾದ ಸಾಲು ಅದು.