ಹರಿದ ಕಾಗದದ ಪಾಠ

1912ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಚಿತ್ರಕಾರ ಜಾರ್ಜ್ ಬ್ರಾಕ್ ಗೋಡೆಗೆ ಹಚ್ಚುವ ಕಾಗದವನ್ನು ಕತ್ತರಿಸಿ ತನ್ನ ಇದ್ದಿಲಿನ ಚಿತ್ರದ ಮೇಲೆ ಅಂಟಿಸಿದ. ಅವನನ್ನು ಕಂಡು ಗೆಳೆಯ ಪಿಕಾಸೊ ದಿನಪತ್ರಿಕೆಯ ಚೂರುಗಳನ್ನು ಅಂಟಿಸತೊಡಗಿದ. ಅವುಗಳಲ್ಲಿ ಬಾಲ್ಕನ್ ಯುದ್ಧದ ವರದಿಗಳೂ ಇದ್ದವು. ತುರ್ಕರ ಸೋಲಿನ ಸುದ್ದಿ ಬಾಟಲಿ, ಪಿಟೀಲುಗಳ ಪಕ್ಕ ಬಂದು ಕುಳಿತದ್ದು ಹೀಗೆ.

ಕ್ಯೂಬಿಸಂ ಎಂದರೆ ಮುಖವನ್ನು ತ್ರಿಕೋನಗಳಾಗಿ ಒಡೆದು ಬಣ್ಣ ತುಂಬುವುದು ಎಂದು ಶಾಲೆಯ ಪ್ರಾಜೆಕ್ಟುಗಳಲ್ಲಿ ಕಲಿಸುವುದುಂಟು. ಮಕ್ಕಳಿಗೆ ಖುಷಿಯಾಗುತ್ತದೆ, ಗೋಡೆಯೂ ತುಂಬುತ್ತದೆ. ಆದರೆ ಆ ಕಲೆಯ ಜೀವ ತ್ರಿಕೋನದಲ್ಲಿಲ್ಲ. ಲೋಟದ ಬಾಯಿ ಮೇಲಿನಿಂದ ದುಂಡಗೆ ಕಾಣುತ್ತದೆ, ಎದುರಿನಿಂದ ಬರೀ ಗೆರೆ. ಎರಡೂ ನಿಜವಾದರೆ ಎರಡನ್ನೂ ಒಂದೇ ಹಾಳೆಯಲ್ಲಿ ಏಕೆ ಬರೆಯಬಾರದು? ಕ್ಯೂಬಿಸ್ಟರು ಕೇಳಿದ್ದು ಇದನ್ನು. ಕೊಲಾಜ್ ಇನ್ನೂ ಮುಂದೆ ಹೋಗಿ, ಹೊರಗಿನ ಲೋಕದ ತುಂಡನ್ನೇ ಚಿತ್ರದೊಳಗೆ ಕರೆತಂದಿತು.

ವಿಯೆನ್ನಾದ ಫ್ರಾಂಜ್ ಚಿಜೆಕ್ 1897ರಿಂದಲೇ ಮಕ್ಕಳಿಗಾಗಿ ಚಿತ್ರಕಲೆಯ ತರಗತಿ ನಡೆಸುತ್ತಿದ್ದ. ದೊಡ್ಡವರ ಮಾದರಿಯನ್ನು ಮಕ್ಕಳ ಮೇಲೆ ಹೇರಬಾರದು ಎಂಬುದು ಅವನ ವಾದ. (ಆದರೂ ಅಲ್ಲಿನ ಚಿತ್ರಗಳಲ್ಲಿ ಗುರುವಿನ ನೆರಳು ಢಾಳಾಗಿಯೇ ಕಾಣುತ್ತದೆ.) 1920ರ ದಶಕದಲ್ಲಿ ದೊಡ್ಡ ವಿದ್ಯಾರ್ಥಿಗಳಿಗೆ ಅವನು ಕ್ಯೂಬಿಸಂ, ಫ್ಯೂಚರಿಸಂಗಳಿಂದ ಪ್ರೇರಿತವಾದ ಅಭ್ಯಾಸಗಳನ್ನು ಕೊಟ್ಟ. ಅವರಲ್ಲೊಬ್ಬಳಾದ ಎರಿಕಾ ಜೊವಾನ್ನಾ ಕ್ಲೀನ್ 1929ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಚಿತ್ರಕಲೆಯ ಶಿಕ್ಷಕಿಯಾದಳು.

ಚಿಜೆಕ್‌ನ ಬಳಿ ಅದಕ್ಕೂ ಮೊದಲೇ ಕಲಿತವಳು ಫ್ರೀಡ್ಲ್ ಡಿಕರ್. ಮುಂದೆ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತಳು. 1934ರಲ್ಲಿ ಕಮ್ಯುನಿಸ್ಟ್ ಚಟುವಟಿಕೆಯ ಆರೋಪದಲ್ಲಿ ಸೆರೆವಾಸ ಕಂಡು, ಬಿಡುಗಡೆಯ ನಂತರ ಪ್ರಾಗ್ ಸೇರಿ ನಿರಾಶ್ರಿತರ ಮಕ್ಕಳಿಗೆ ಪಾಠ ಹೇಳಿದಳು. ಯಹೂದಿಯಾಗಿದ್ದ ಆಕೆಯನ್ನು ನಾಜಿಗಳು 1942ರ ಡಿಸೆಂಬರ್‌ನಲ್ಲಿ ಗಂಡ ಪಾವೆಲ್ ಬ್ರಾಂಡೈಸ್‌ನೊಂದಿಗೆ ಟೆರೆಜಿನ್‌ಗೆ ಸಾಗಿಸಿದರು. ಹಳೆಯ ಕೋಟೆಯೂರೊಂದು ಬಂದೀಖಾನೆಯಾಗಿದ್ದ ಜಾಗವದು. ಗುರು ಚಿಜೆಕ್ ಹುಟ್ಟಿದ ಲಿಟೊಮೆರಿಸ್ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ.

ಅಲ್ಲಿ ಯಹೂದಿ ಮಕ್ಕಳಿಗೆ ಶಾಲೆ ನಿಷಿದ್ಧ. ಹುಡುಗಿಯರ ವಸತಿಯಲ್ಲಿ ಫ್ರೀಡ್ಲ್ ಚಿತ್ರ ಕಲಿಸಿದಳು. ಬಣ್ಣ ಕಡಿಮೆ, ಕಾಗದವಂತೂ ಬಲು ಅಪರೂಪ. ಕಚೇರಿಯ ಹಳೆಯ ಫಾರಂಗಳೇ ಹಾಳೆಗಳಾದವು. ಅವನ್ನೇ ಕತ್ತರಿಸಿ ಮಕ್ಕಳು ಬೆಟ್ಟ, ಮನೆ, ಹೂದಾನಿ ಅಂಟಿಸಿದರು. ಹೂವಿನ ಎಸಳಿನ ಮೇಲೆ ಕಚೇರಿಯ ಅಚ್ಚಿನ ಗೆರೆಗಳು ಹಾಗೆಯೇ ಉಳಿದವು. ಪಿಕಾಸೊನ ಚಿತ್ರಕ್ಕೆ ಯುದ್ಧ ಪತ್ರಿಕೆಯ ಮೂಲಕ ಬಂದಿತ್ತು. ಈ ಮಕ್ಕಳು ಯುದ್ಧದ ಒಳಗೇ ಕುಳಿತಿದ್ದರು.

ಚಿಜೆಕ್‌ಗೆ ಹೋಲಿಸಿದರೆ ಫ್ರೀಡ್ಲ್ ಹೆಚ್ಚು ಧೈರ್ಯವಂತ ಶಿಕ್ಷಕಿ ಎಂದು ನನಗನ್ನಿಸುತ್ತದೆ. ಹಳೆಯ ಚಿತ್ರಕಾರರ ಕೃತಿಗಳನ್ನು ಆಕೆ ಮಕ್ಕಳಿಂದ ಬಚ್ಚಿಡಲಿಲ್ಲ. ಅವನ್ನು ತೋರಿಸಿ, ಕಾಗದದ ಚೂರುಗಳಲ್ಲಿ ಮತ್ತೆ ಕಟ್ಟಿಸಿದಳು. ಬೆಳಕೆಲ್ಲಿ, ನೆರಳೆಲ್ಲಿ ಎಂದು ಹುಡುಕುತ್ತಿದ್ದಷ್ಟು ಹೊತ್ತು ಆ ಹುಡುಗಿಯರು ಕೈದಿಗಳಾಗಿರಲಿಲ್ಲ. ಪ್ರತಿ ಚಿತ್ರದ ಮೇಲೂ ಹೆಸರು ಬರೆಯಬೇಕೆಂಬುದು ಆಕೆಯ ಒತ್ತಾಯವಾಗಿತ್ತು.

1944ರ ಸೆಪ್ಟೆಂಬರ್ ಕೊನೆಯಲ್ಲಿ ಪಾವೆಲ್‌ನನ್ನು ಸಾಗಿಸಿದಾಗ ಆಕೆ ತಾನಾಗಿಯೇ ಹಿಂದೆ ಹೊರಟಳು. ಅಕ್ಟೋಬರ್‌ನಲ್ಲಿ ಆಶ್‌ವಿಟ್ಜ್‌ನಲ್ಲಿ ಆಕೆಯನ್ನು ಕೊಂದರು, ಪಾವೆಲ್ ಬದುಕುಳಿದ. ಹೊರಡುವ ಮುನ್ನ ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಹೆಸರುಗಳಿದ್ದುದರಿಂದ ಅವನ್ನು ಸಾಗಣೆಯ ಪಟ್ಟಿಗಳೊಂದಿಗೆ ತಾಳೆ ನೋಡುವುದು ಸಾಧ್ಯವಾಯಿತು. ಆ ಮಕ್ಕಳಲ್ಲಿ ಹೆಚ್ಚಿನವರು ಮರಳಿ ಬರಲಿಲ್ಲ.