ಮೂಸೀ ನದಿಯ ಮಹಾಪ್ರವಾಹವೂ ಬಡವರ ಮನೆಗಳೂ

ದಾಸೋಹವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಹಸಿದವರಿಗೆ ಅನ್ನವನ್ನಿಕ್ಕುವ ಕಾರ್ಯ. ಅನ್ನವು ಹೊತ್ತಿನ ಹಸಿವನ್ನು ಹಿಂಗಿಸುವುದು. ಆದರೆ ಮನೆಯನ್ನೇ ಕಳೆದುಕೊಂಡವನಿಗೆ ಉಂಡ ಬಳಿಕ ಮಲಗಲು ತಾಣವೆಲ್ಲಿ? ಈ ಪ್ರಶ್ನೆಗೆ ಹೈದರಾಬಾದು ನಗರದ ಚರಿತ್ರೆಯು ಕೊಡುವ ಉತ್ತರವು ಸದ್ಭಕ್ತರೆಲ್ಲರೂ ಮನನ ಮಾಡತಕ್ಕುದಾಗಿದೆ. ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು ಅಂದು ಆ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ವೃತ್ತಾಂತವು ಕನ್ನಡಿಗರಿಗೆ ಪರಕೀಯವಲ್ಲ.

1908ನೆಯ ಇಸವಿ ಸಪ್ಟೆಂಬರ್ 28ರಂದು ಮೂಸೀ ನದಿಯು ಉಕ್ಕೇರಿತು. ನಗರಕ್ಕೆ ಮೇಲಣ ಜಲಾನಯನ ಪ್ರದೇಶದ 788 ಕೆರೆಗಳಲ್ಲಿ 221 ಕೆರೆಗಳು ಒಡೆದು, ಆ ನೀರೆಲ್ಲವೂ ಊರ ಮೇಲೆ ನುಗ್ಗಿತು. ಸುಮಾರು 15,000 ಜನರು ಪ್ರಾಣ ನೀಗಿದರೆಂದು ಅಂದಾಜು. ಅಫ್ಜಲ್ ಉದ್ಯಾನದ ಹುಣಿಸೆಯ ಮರವನ್ನೇರಿ ಸುಮಾರು 150 ಜನರು ಬದುಕಿದರೆಂದು ಇಂದಿಗೂ ಹೇಳುವರು. ನದಿಯ ದಂಡೆಯಲ್ಲಿ ಒತ್ತಾಗಿದ್ದ ಕೋಲ್ಸಾವಾಡಿಯಂತಹ ಬಡವರ ಕೇರಿಗಳಿಗಾದ ಹಾನಿಯು ಅತಿಘೋರವಾಗಿತ್ತು. ನಿಜಾಮ ಮೀರ್ ಮಹಬೂಬ್ ಅಲೀಖಾನರು ಅರಮನೆಗಳ ಬಾಗಿಲು ತೆರೆಯಿಸಿ, ಅನ್ನಛತ್ರಗಳನ್ನು ನಡೆಯಿಸಿದರು.

ಆದರೆ ಬಿದ್ದ ಗೋಡೆಯನ್ನು ಬಿದ್ದಲ್ಲಿಯೇ ಎಬ್ಬಿಸಿದರೆ, ಅದು ಬಡವನನ್ನು ಮುಂದಿನ ಪ್ರವಾಹಕ್ಕೆ ಒಪ್ಪಿಸಿಕೊಟ್ಟಂತೆಯೇ ಸರಿ. ಇದನ್ನರಿತು 1909ರಲ್ಲಿ ಕನ್ನಡ ನಾಡಿನ ಸುಪುತ್ರರಾದ ಎಂ. ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡರು. ಮೂಸೀ ಹಾಗೂ ಅದರ ಉಪನದಿಯಾದ ಈಸೀಗೆ ಅಡ್ಡಲಾಗಿ ಜಲಾಶಯಗಳನ್ನು ಕಟ್ಟಬೇಕೆಂದೂ, ಊರ ಕೊಳಚೆಯು ಹರಿದುಹೋಗಲು ಒಳಚರಂಡಿಗಳನ್ನು ನಿರ್ಮಿಸಬೇಕೆಂದೂ ಅವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ, 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. 1912ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಲಿಯು ನಾಂಪಲ್ಲಿಯೇ ಮೊದಲಾದ ಕಡೆಗಳಲ್ಲಿ ಇಕ್ಕಟ್ಟಾದ ಕೇರಿಗಳನ್ನು ತೆಗೆಯಿಸಿ, ಗಾಳಿ ಬೆಳಕುಗಳುಳ್ಳ ಮನೆಗಳನ್ನು ಅಲ್ಪ ಬಾಡಿಗೆಗೆ ಬಡವರಿಗೆ ಒದಗಿಸಿತು.

ಹೀಗಿದ್ದರೂ ಕಾರ್ಯವು ಮುಗಿಯಲಿಲ್ಲ. ಪ್ರವಾಹಕ್ಕೂ ಮೊದಲ ಜಲಾಶಯಕ್ಕೂ ಹನ್ನೆರಡು ವರ್ಷಗಳ ಅಂತರ. ದಿನಗೂಲಿಯವನು ಅಷ್ಟು ಕಾಲ ಬಯಲಿನಲ್ಲಿ ಕಾದಿರಬಲ್ಲನೆ? ಕೂಲಿ ದೊರೆಯುವೆಡೆಯಲ್ಲಿ, ಕೈಗೆಟುಕುವ ನೆಲದಲ್ಲಿಯೇ ಅವನು ಗುಡಿಸಲು ಹೂಡುವನು. ಕಾಲಕ್ರಮದಲ್ಲಿ ನದೀಪಾತ್ರದಲ್ಲಿಯೂ ಕೆರೆಯಂಗಳಗಳಲ್ಲಿಯೂ ಮತ್ತೆ ಮನೆಗಳೆದ್ದವು. 2020ನೆಯ ಅಕ್ಟೋಬರಿನ ಮಳೆಗೆ ಅದೇ ನಗರದಲ್ಲಿ ಕೆರೆಗಳೊಡೆದು ಬಡವರ ಮನೆಗಳು ಪುನಃ ಜಲಾವೃತವಾದವು.

ಆದುದರಿಂದ ಮನೆಯನ್ನು ಕಟ್ಟಿಕೊಡುವವರು ನೆಲವನ್ನೂ ನೀರಿನ ದಾರಿಯನ್ನೂ ಮೊದಲು ನೋಡತಕ್ಕುದು. ಬಡವನ ದುಡಿಮೆಗೆ ದೂರವಾಗದಂತೆಯೂ ನೋಡತಕ್ಕುದು. ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. ಕಾಯಕಜೀವಿಗೆ ನಿರ್ಭಯವಾದ ಸೂರನ್ನು ಕಲ್ಪಿಸುವುದೂ ದಾಸೋಹವೇ ಎಂಬ ಅರಿವು ಈ ಮಹೋತ್ಸವದ ಸುಸಂದರ್ಭದಲ್ಲಿ ಶ್ರೀಮಠದ ಸದ್ಭಕ್ತರಲ್ಲಿ ನೆಲೆಗೊಳ್ಳಲೆಂದು ಪ್ರಾರ್ಥಿಸುವೆನು.