ಅಂಚಿನ ನೋಟ

ಕುರುಡು ಎಂದೊಡನೆ ನಮ್ಮ ಮನಸ್ಸಿಗೆ ತೋರುವುದು ಗಾಢವಾದ ಕತ್ತಲೆ. ಬೆಳಕಿಗೂ ಕತ್ತಲೆಗೂ ನಡುವೆ ಹಲವು ಮೆಟ್ಟಿಲುಗಳಿವೆ ಎಂಬುದನ್ನು ನಮ್ಮ ಆಡುಮಾತು ಅಷ್ಟಾಗಿ ಗಮನಿಸಿಲ್ಲ. ‘ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ’ ಎಂಬ ಗಾದೆ ಮಾತ್ರ ಆ ನಡುವಣ ಸ್ಥಿತಿಯನ್ನು ಸ್ವಲ್ಪಮಟ್ಟಿಗೆ ಬಲ್ಲದು. ಅಂಥ ಸ್ಥಿತಿಯಲ್ಲಿಯೇ ಬಾಳಿ, ದೃಷ್ಟಿಯುಳ್ಳವರ ಮತ್ತು ದೃಷ್ಟಿಯಿಲ್ಲದವರ ಕ್ರೀಡಾಂಗಣಗಳೆರಡರಲ್ಲಿಯೂ ಹೆಸರಾದ ಅಮೆರಿಕದ ಮಾರ್ಲಾ ರನ್ಯನ್ ಅವರ ವೃತ್ತಾಂತವನ್ನು ಈ ಹೊತ್ತು ಹೇಳಬಯಸುತ್ತೇನೆ.

1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ರನ್ಯನ್‌ರಲ್ಲಿ ಒಂಬತ್ತನೆಯ ವಯಸ್ಸಿಗೆ ಸ್ಟಾರ್‌ಗಾರ್ಟ್ ರೋಗ ಕಾಣಿಸಿಕೊಂಡಿತು. ಅಕ್ಷಿಪಟಲದ ನಡುಭಾಗವನ್ನು ಕೆಡಿಸುವ ಆನುವಂಶಿಕ ರೋಗವಿದು. ನೆಟ್ಟ ನೋಟಕ್ಕೆ ಸಿಕ್ಕದ್ದು ಮಸುಕಾಗುತ್ತದೆ. ಅಂಚಿನ ನೋಟ ಉಳಿಯುತ್ತದೆ. ಪುಸ್ತಕದ ಅಕ್ಷರ, ಎದುರಿನವರ ಮುಖ ಇವು ಕೈತಪ್ಪಿದರೂ ಪಕ್ಕದಲ್ಲಿ ಚಲಿಸುವ ಆಕೃತಿ ದಕ್ಕುತ್ತದೆ.

1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಅವರು ಗಾಲಿಕುರ್ಚಿಯ ಯೋಧರಿಗಾಗಿ ತೊಡಗಿಸಿದ ಪಂದ್ಯಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. 1976ರ ಟೊರಾಂಟೊ ಕೂಟದಲ್ಲಿ ದೃಷ್ಟಿಹೀನರಿಗೂ ಅಲ್ಲಿ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಬಂದ ರನ್ಯನ್, 1992ರ ಬಾರ್ಸಿಲೋನಾ ಕೂಟದಲ್ಲಿ 100, 200, 400 ಮೀಟರ್ ಓಟ ಹಾಗೂ ಉದ್ದ ಜಿಗಿತಗಳಲ್ಲಿ ನಾಲ್ಕು ಚಿನ್ನ ಗೆದ್ದರು. ಸೈಕಲ್ ಪಂದ್ಯದಲ್ಲಿಯೂ ಭಾಗವಹಿಸಿದರು. 1996ರ ಅಟ್ಲಾಂಟಾದಲ್ಲಿ ಪೆಂಟಾತ್ಲಾನಿನ ಚಿನ್ನವೂ ಗುಂಡು ಎಸೆತದ ಬೆಳ್ಳಿಯೂ ಬಂದವು.

ಅದೇ ವರ್ಷ ಅವರು ದೃಷ್ಟಿಯುಳ್ಳವರೊಡನೆ ಅಮೆರಿಕದ ಒಲಿಂಪಿಕ್ ಆಯ್ಕೆಗೆ ನಿಂತರು. ಹೆಪ್ಟಾತ್ಲಾನ್ ಎಂದರೆ ಎರಡು ದಿನಗಳಲ್ಲಿ ಏಳು ಸ್ಪರ್ಧೆ: ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್, ಉದ್ದ ಜಿಗಿತ, ಭರ್ಜಿ ಎಸೆತ, ಕಡೆಗೆ 800 ಮೀಟರ್. ದೊರೆತದ್ದು ಹತ್ತನೆಯ ಸ್ಥಾನ; ತಂಡಕ್ಕೆ ಆಯ್ಕೆಯಾಗಲಿಲ್ಲ. ಆದರೆ ಆ ಕಡೆಯ ಓಟವನ್ನು ಅವರು 2 ನಿಮಿಷ 4.70 ಸೆಕೆಂಡುಗಳಲ್ಲಿ ಮುಗಿಸಿದ್ದು ಹೆಪ್ಟಾತ್ಲಾನಿನ 800 ಮೀಟರಿಗೆ ಅಮೆರಿಕದ ದಾಖಲೆಯಾಯಿತು. ಸೋಲಿನ ಲೆಕ್ಕದೊಳಗೇ ದಾರಿಯ ಸುಳಿವಿತ್ತು. ಉಳಿದ ಆರನ್ನು ಬಿಟ್ಟು ಓಟವೊಂದನ್ನೇ ಹಿಡಿದರು.

1999ರ ವಿನಿಪೆಗ್ ಪ್ಯಾನ್ ಅಮೆರಿಕನ್ ಕೂಟದಲ್ಲಿ 1500 ಮೀಟರಿನ ಚಿನ್ನ. 2000ದ ಸಿಡ್ನಿ ಒಲಿಂಪಿಕ್ಸಿನ ಅಂತಿಮ ಓಟದಲ್ಲಿ ಎಂಟನೆಯ ಸ್ಥಾನ. 2002ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ 2 ಗಂಟೆ 27 ನಿಮಿಷ 10 ಸೆಕೆಂಡುಗಳೊಡನೆ ನಾಲ್ಕನೆಯ ಸ್ಥಾನ. 2004ರ ಅಥೆನ್ಸಿನಲ್ಲಿ 5000 ಮೀಟರ್.

ಇಷ್ಟು ಓಡಬಲ್ಲವರು ಕುರುಡರು ಹೇಗಾದಾರು ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯಲ್ಲೊಂದು ಅನ್ಯಾಯವಿದೆ. ಸೋತರೆ ಕಣ್ಣಿನ ದೋಷವೆಂದು ಕನಿಕರಿಸುವ ನಾವು, ಗೆದ್ದರೆ ಆ ದೋಷವನ್ನೇ ಶಂಕಿಸುತ್ತೇವೆ. 1500 ಮೀಟರಿನಲ್ಲಿ ಕಾಲಿನಷ್ಟೇ ಕಣ್ಣಿಗೂ ಕೆಲಸವುಂಟು: ಗುಂಪಿನಲ್ಲಿ ಯಾರು ಮುನ್ನುಗ್ಗಿದರು, ಯಾರು ಹಿಂದುಳಿದರು ಎಂಬುದನ್ನು ಕ್ಷಣದಲ್ಲಿ ಅರಿಯಬೇಕು. ಮುಖಗಳು ಮಸುಕಾದವರಿಗೆ ಈ ಅರಿವು ಸುಲಭದ್ದಲ್ಲ. ಸಿಡ್ನಿಯ ಎಂಟನೆಯ ಸ್ಥಾನವನ್ನು ನಾನು ಬಾರ್ಸಿಲೋನಾದ ನಾಲ್ಕು ಚಿನ್ನಗಳಿಗಿಂತ ಕಡಿಮೆಯೆಂದು ಎಣಿಸಲಾರೆ. ನಮ್ಮ ಗಾದೆ ಎರಡು ಕಣ್ಣುಗಳನ್ನು ತೂಗಿ ನೋಡಿತೇ ಹೊರತು, ಉಳಿದ ನೋಟದಿಂದ ಎಷ್ಟು ದೂರ ಹೋಗಬಹುದೆಂದು ಕೇಳಲಿಲ್ಲ.